ಕಪ್ಪುಕುಳಿ ಗಂಟೆಯ ಹಾಗೆ ಮಿಡಿಯುತ್ತದಂತೆ. ಮಿಡಿಯುವುದು ಏನು?

ಕರಣೆ_ಮೈಸೂರು:

ಎಲ್ಲರಿಗೂ ನಮಸ್ಕಾರ. ನಾನು ಮೃದಂಗ ನುಡಿಸುವವನು. ಮನೆಯಲ್ಲೇ ಹತ್ತು ಹನ್ನೆರಡು ಮಕ್ಕಳಿಗೆ ಪಾಠ ಹೇಳುತ್ತೇನೆ. ಭೌತಶಾಸ್ತ್ರ ಓದಿದ್ದು ಪಿಯುಸಿವರೆಗೆ ಮಾತ್ರ. ಆದರೆ ನಾದ ಹುಟ್ಟುವುದು ಹೇಗೆ, ಸಾಯುವುದು ಹೇಗೆ ಅನ್ನುವುದು ಬೆರಳಿಗೆ ಗೊತ್ತು.

ಹೋದ ವಾರ ಪಾಠಕ್ಕೆ ಬರುವ ಹುಡುಗಿಯೊಬ್ಬಳು ಫೋನಿನಲ್ಲಿ ಒಂದು ಸದ್ದು ಕೇಳಿಸಿದಳು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳಿಗೆ ಸಿಕ್ಕ ಗುರುತ್ವ ಅಲೆ ಅದು. ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಾ ಬಂದು ಒಂದಾದ ಗಳಿಗೆ. ಅದನ್ನೇ ಕಿವಿಗೆ ಕೇಳುವ ಹಾಗೆ ಮಾಡಿದ್ದಾರೆ. "ಕೊನೆಯಲ್ಲಿ ಹೊಸ ಕಪ್ಪುಕುಳಿ ಗಂಟೆ ಹೊಡೆದ ಹಾಗೆ ಮಿಡಿಯುತ್ತದಂತೆ, ಕೇಳಿ ಗುರುಗಳೇ" ಅಂದಳು.

ಹೆಡ್‌ಫೋನ್ ಹಾಕಿಕೊಂಡು ಇಪ್ಪತ್ತು ಸಲವಾದರೂ ಕೇಳಿದೆ. ತಗ್ಗಿನಿಂದ ಸರ್ರನೆ ಮೇಲಕ್ಕೆ ಏರುತ್ತದೆ, ವೀಣೆಯ ಜಾರಿನ ಹಾಗೆ. ಕಾಲು ಸೆಕೆಂಡೂ ಇಲ್ಲ. ಮೇಲೆ ಮುಟ್ಟಿದ ಕೂಡಲೇ ನಿಂತುಬಿಡುತ್ತದೆ. ಗಂಟೆ ಎಲ್ಲಿದೆ? ದೇವಸ್ಥಾನದ ಗಂಟೆ ಹೊಡೆದರೆ ನಾವು ಪ್ರದಕ್ಷಿಣೆ ಮುಗಿಸುವವರೆಗೂ ಅದರ ನಾದ ಕಿವಿಯಲ್ಲಿರುತ್ತದೆ. ಇಲ್ಲಿ ನನಗೆ ಕೇಳಿಸಿದ್ದು, ಬೆರಳಿಟ್ಟು ಮುಚ್ಚಿದ ಒಂದು "ತ".

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಮೃದಂಗದಲ್ಲಿ ಚರ್ಮ ಮಿಡಿಯುತ್ತದೆ, ಗಂಟೆಯಲ್ಲಿ ಕಂಚು. ಕಪ್ಪುಕುಳಿಗೆ ಮೈಯೇ ಇಲ್ಲ, ಅದರೊಳಗಿಂದ ಬೆಳಕೂ ಆಚೆ ಬರುವುದಿಲ್ಲ ಅನ್ನುತ್ತೀರಿ. ಹಾಗಾದರೆ ಮಿಡಿಯುತ್ತಿರುವುದು ಏನು? ಆ ನಾದ ಹೊರಗೆ ಹೇಗೆ ಬಂತು? ಹುಡುಗಿಗೆ ಮುಂದಿನ ಭಾನುವಾರದೊಳಗೆ ಉತ್ತರ ಹೇಳುತ್ತೇನೆ ಅಂದಿದ್ದೇನೆ. ದಯವಿಟ್ಟು ತಿಳಿಸಿ.

ಹೇಮಾವತಿ_ದಡ:

ಮಿಡಿಯುವುದು ಆಕಾಶವೇ ಸರ್. ಅಂದರೆ ದೇಶ-ಕಾಲ. ಗುರುತ್ವ ಅಲೆ ಅಂದರೆ ಜಾಗವೇ ಹಿಗ್ಗಿ ಕುಗ್ಗುವುದು. ಚರ್ಮ ಬೇಕಿಲ್ಲ.

ಕರಣೆ_ಮೈಸೂರು:

ಧನ್ಯವಾದ. ಆದರೆ ಜಾಗ ಎಲ್ಲ ಕಡೆಯೂ ಇದೆ ಅಲ್ವಾ? ಒಂದೇ ಶ್ರುತಿಯಲ್ಲಿ ಮಿಡಿಯಬೇಕಾದರೆ ಎಲ್ಲೋ ಒಂದು ಅಂಚು ಬೇಕು, ಒಂದು ಅಳತೆ ಬೇಕು. ಮೃದಂಗದ ಬಾಯಿ ಇಷ್ಟೇ ಅಗಲ ಅಂತ ಇರುವುದರಿಂದಲೇ ಅದಕ್ಕೊಂದು ಶ್ರುತಿ. ಬಾಯಿಯೇ ಇಲ್ಲದ ಚರ್ಮಕ್ಕೆ ಶ್ರುತಿ ಎಲ್ಲಿಂದ ಬರಬೇಕು?

ನಿವೃತ್ತ_ಮೇಷ್ಟ್ರು_ತುಮಕೂರು:

ನಮಸ್ಕಾರ ವಿದ್ವಾಂಸರೇ. ನಾನು 31 ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವನು. "ಒಂದು ಅಳತೆ ಬೇಕು" ಅಂದಿರಲ್ಲ, ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದೀರಿ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಹೆಸರು ಹೇಳಬೇಕು: ಸಿ. ವಿ. ವಿಶ್ವೇಶ್ವರ. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ನಮ್ಮ ಜವಾಹರಲಾಲ್ ನೆಹರೂ ತಾರಾಲಯದ ಮೊದಲ ನಿರ್ದೇಶಕರು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದರು. ಕಪ್ಪುಕುಳಿಯನ್ನು ಒಂಚೂರು ಅಲುಗಿಸಿದರೆ ಅದು ಉಳಿಯುತ್ತದೋ, ಕೆಟ್ಟುಹೋಗುತ್ತದೋ ಅನ್ನುವುದು ಅವರ ಪ್ರಶ್ನೆ. ಉಳಿಯುತ್ತದೆ ಅಂತ ಲೆಕ್ಕ ಮಾಡಿ ತೋರಿಸಿದರು. ಆಮೇಲಿನ ಪ್ರಶ್ನೆ: ಕಣ್ಣಿಗೆ ಕಾಣದ್ದು ಅಲ್ಲಿದೆ ಅಂತ ತಿಳಿಯುವುದು ಹೇಗೆ? ತಟ್ಟಿ ನೋಡಬೇಕು. ಗುರುತ್ವ ಅಲೆಯ ಒಂದು ಗುಪ್ಪೆಯನ್ನು ಕಪ್ಪುಕುಳಿಯ ಕಡೆಗೆ ಕಳಿಸಿದರೆ ಏನಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ನೋಡಿದರು. ಗುಪ್ಪೆ ತುಂಬ ಅಗಲ ಇದ್ದಾಗ ಏನೂ ವಿಶೇಷ ಕಾಣಲಿಲ್ಲ. ಕಪ್ಪುಕುಳಿಯ ಗಾತ್ರದಷ್ಟಕ್ಕೆ ಇಳಿಸಿದಾಗ, ಚದುರಿ ಬಂದ ಅಲೆಯ ಬಾಲದಲ್ಲಿ ಒಂದು ಮಿಡಿತ ಕಂಡಿತು. ಏರಿ, ಇಳಿದು, ಬೇಗ ಆರಿಹೋಗುವ ಮಿಡಿತ. ನಿಮಗೆ ಇದು ಹೊಸದಲ್ಲ. ಅಂಗೈಯನ್ನು ಮೆಲ್ಲಗೆ ಒತ್ತಿದರೆ ಮೃದಂಗ ನುಡಿಯುವುದಿಲ್ಲ, ಚುರುಕಾಗಿ ತಟ್ಟಬೇಕು. 1970ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಬಂತು. ನಿಜವಾದ ಅಲೆ ಸಿಕ್ಕಿದ್ದು 45 ವರ್ಷ ಆದಮೇಲೆ. ಅದನ್ನು ನೋಡಲು ಅವರು ಇದ್ದರು ಅನ್ನುವುದು ನನಗೆ ಇವತ್ತಿಗೂ ಸಮಾಧಾನ. 2017ರ ಜನವರಿಯಲ್ಲಿ ತೀರಿಕೊಂಡರು.

ಈಗ ನಿಮ್ಮ "ಬಾಯಿಯ ಅಗಲ". ಸೂರ್ಯನಷ್ಟು ತೂಕದ ಕಪ್ಪುಕುಳಿಯ ಅಂಚು ನಡುವಿನಿಂದ ಸುಮಾರು 3 ಕಿಲೋಮೀಟರ್. ಈ ಅಂಚಿನ ಒಳಗಿನದು ಆಚೆ ಬರುವುದಿಲ್ಲ. ಆದರೆ ಅಂಚಿನ ಒಂದೂವರೆ ಪಟ್ಟು ದೂರದಲ್ಲಿ ಇನ್ನೊಂದು ಜಾಗ ಇದೆ. ಅಲ್ಲಿ ಬೆಳಕು ಸುತ್ತು ಹಾಕಬಹುದು. ಗುರುತ್ವ ಅಲೆಯೂ ಅಷ್ಟೇ. ಇದನ್ನು ಬೆಳಕಿನ ಉಂಗುರ ಅನ್ನೋಣ. ಕಪ್ಪುಕುಳಿಯ ಶ್ರುತಿ ಹುಟ್ಟುವುದು ಇಲ್ಲಿ, ಅಂಚಿನ ಹೊರಗೆ. ಒಳಗಿಂದ ಏನೂ ಬರಬೇಕಾಗಿಲ್ಲ.

ಒಂದು ಕಾಗದ ತೆಗೆದುಕೊಂಡು ಹುಡುಗಿಯ ಜೊತೆ ಕೂತು ಲೆಕ್ಕ ಹಾಕಿ. 2015ರಲ್ಲಿ ಹುಟ್ಟಿದ ಕಪ್ಪುಕುಳಿ ಸುಮಾರು 62 ಸೂರ್ಯರ ತೂಕ. ಅಂಚು 183 ಕಿಲೋಮೀಟರ್. ಉಂಗುರ ಅದರ ಒಂದೂವರೆ ಪಟ್ಟು, ಸುಮಾರು 275. ಒಂದು ಸುತ್ತು ಸುಮಾರು 1,725 ಕಿಲೋಮೀಟರ್. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ ಸುತ್ತಿಗೆ 5.8 ಮಿಲಿಸೆಕೆಂಡ್. ಆದರೆ ಅಷ್ಟು ಹತ್ತಿರದಲ್ಲಿ ಗಡಿಯಾರ ನಿಧಾನ. ದೂರದ ನಮ್ಮ ಲೆಕ್ಕಕ್ಕೆ ಅದನ್ನು 3ರ ವರ್ಗಮೂಲದಿಂದ, 1.73ರಿಂದ ಗುಣಿಸಬೇಕು. ಸುಮಾರು 10 ಮಿಲಿಸೆಕೆಂಡ್ ಆಯಿತು. ಈ ಮಿಡಿತ ಮೊಟ್ಟೆಯ ಆಕಾರದ್ದು, ಒಂದು ಸುತ್ತಿನಲ್ಲಿ ಎರಡು ಉಬ್ಬು. ಹಾಗಾಗಿ ಒಂದು ಉಬ್ಬಿನಿಂದ ಇನ್ನೊಂದಕ್ಕೆ 5 ಮಿಲಿಸೆಕೆಂಡ್. ಸೆಕೆಂಡಿಗೆ 200 ಮಿಡಿತ! ಇದು ಸುತ್ತದೆ ನಿಂತ ಕಪ್ಪುಕುಳಿಗೆ ಸರಿ. ನಿಜವಾದದ್ದು ಬುಗುರಿಯ ಹಾಗೆ ಸುತ್ತುತ್ತಿತ್ತು, ಅದರಿಂದ ಶ್ರುತಿ ಸುಮಾರು 250ಕ್ಕೆ ಏರಿತು. ಐನ್‌ಸ್ಟೈನರ ದೊಡ್ಡ ಸಮೀಕರಣ ಬಿಡಿಸದೆ, ಬರೀ ಗುಣಾಕಾರದಿಂದ ನಾವು ಇಷ್ಟು ಹತ್ತಿರ ಬಂದೆವು. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ನನ್ನ ಮೈ ಜುಂ ಅನ್ನುತ್ತಿತ್ತು.

ಇನ್ನು ಗಂಟೆ ಯಾಕೆ ಕೇಳಿಸಲಿಲ್ಲ? ಆ ಉಂಗುರದ ಮೇಲೆ ನಿಲ್ಲುವುದು ಕತ್ತಿಯ ಅಂಚಿನ ಮೇಲೆ ಗೋಲಿ ಇಟ್ಟ ಹಾಗೆ. ಚೂರು ಒಳಗೆ ವಾಲಿದರೆ ಕಪ್ಪುಕುಳಿಗೆ, ಚೂರು ಹೊರಗೆ ವಾಲಿದರೆ ನಮ್ಮ ಕಡೆಗೆ. ಒಂದೊಂದು ಮಿಡಿತಕ್ಕೂ ಅಲೆ ಮೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ಮೂರು ಮಿಡಿತ ಆಗುವಷ್ಟರಲ್ಲಿ ಉಳಿಯುವುದು ಇಪ್ಪತ್ತರಲ್ಲಿ ಒಂದು ಪಾಲು. ಲೈಗೋದ 4 ಕಿಲೋಮೀಟರ್ ಉದ್ದದ ತೋಳು ಅವತ್ತು ಅಲುಗಿದ್ದೇ ಪ್ರೋಟಾನಿನ ಅಗಲದ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಅದರ ಇಪ್ಪತ್ತರಲ್ಲಿ ಒಂದು ಪಾಲು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಗಂಟೆ ಅನ್ನುವ ಹೋಲಿಕೆ ನನಗೂ ಹಿಡಿಸುವುದಿಲ್ಲ. ನಿಮ್ಮ "ತ" ಹೆಚ್ಚು ಸರಿ.

ಕರಣೆ_ಮೈಸೂರು:

ಮೇಷ್ಟ್ರೇ, ನಿಮ್ಮ ಉತ್ತರ ಓದಿ ರಾತ್ರಿ ಹನ್ನೊಂದಕ್ಕೆ ಮೃದಂಗ ತೆಗೆದೆ. ಒಮ್ಮೆ "ದೀಂ" ಬಿಟ್ಟು ನುಡಿಸಿದೆ, ಒಮ್ಮೆ "ತ". "ತ"ದಲ್ಲಿ ನಾದ ಇಲ್ಲ ಅಂತಲ್ಲ. ಇದೆ, ಹುಟ್ಟಿದ ಕೂಡಲೇ ಸಾಯುತ್ತದೆ. ಇಷ್ಟು ವರ್ಷ ನುಡಿಸಿದರೂ ಅದರ ಒಳಗಿನ ಶ್ರುತಿಯನ್ನು ಹುಡುಕಿ ಕೇಳಿದ್ದು ಅವತ್ತೇ. ಆಮೇಲೆ ಆ ಸದ್ದನ್ನು ಮತ್ತೆ ಹಾಕಿದೆ. ಸೆಕೆಂಡಿಗೆ 250 ಅಂದರೆ ಒಂದು ಮನೆ ಶ್ರುತಿಯ ಷಡ್ಜಕ್ಕಿಂತ ಸ್ವಲ್ಪ ತಗ್ಗು. ತಂಬೂರಿ ಇಟ್ಟುಕೊಂಡು ಕೇಳಿದರೆ ಆ ಕೊನೆಯ ತುಣುಕು ಎಲ್ಲಿ ಕೂರುತ್ತದೆ ಅಂತ ಈಗ ಗೊತ್ತಾಗುತ್ತದೆ.

ನೀವು 'ನೇಚರ್' ಪತ್ರಿಕೆ ಅಂದಿದ್ದಕ್ಕೆ ಒಂದು ಮಾತು. ನನ್ನ ಗುರುಗಳು ಹೇಳುತ್ತಿದ್ದರು: 1920ರಲ್ಲಿ ಅದೇ ಪತ್ರಿಕೆಯಲ್ಲಿ ಸರ್ ಸಿ. ವಿ. ರಾಮನ್ ನಮ್ಮ ಮೃದಂಗದ ಬಗ್ಗೆ ಬರೆದಿದ್ದಾರೆ ಅಂತ. ಬರೀ ಚರ್ಮದ ಡೋಲಿನಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ಸೇರುವುದಿಲ್ಲ. ನಡುವೆ ಕರಣೆ ಅನ್ನುವ ಕಪ್ಪು ಲೇಪ ಹಾಕಿ ತೂಕ ಕೊಟ್ಟಾಗ ತಂತಿಯ ಸ್ವರಗಳ ಹಾಗೆ ಸೇರುತ್ತವೆ. ಆ ಕರಣೆಯ ಕಷ್ಟ ನಮಗೇ ಗೊತ್ತು. ಕಿಟ್ಟದ ಪುಡಿಯನ್ನು ಅನ್ನದ ಜೊತೆ ಅರೆದು, ಪದರ ಪದರವಾಗಿ ಹಾಕಿ, ಕಲ್ಲಿನಿಂದ ಉಜ್ಜಬೇಕು. ಒಂದು ಪದರ ಜಾಸ್ತಿಯಾದರೆ ನಾದ ಕೆಡುತ್ತದೆ. ಹಲಸಿನ ಮರ ಎಂಥದ್ದು, ಚರ್ಮ ಎಂಥದ್ದು, ಮಳೆಗಾಲವೋ ಬೇಸಿಗೆಯೋ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಎರಡು ಮೃದಂಗ ಒಂದೇ ಥರ ನುಡಿದದ್ದನ್ನು ನಾನು ಕಂಡಿಲ್ಲ. ಕಪ್ಪುಕುಳಿಗೂ ಹೀಗೆ ಒಂದೊಂದಕ್ಕೆ ಒಂದೊಂದು ಗುಣ ಇದೆಯೇ?

ನಿವೃತ್ತ_ಮೇಷ್ಟ್ರು_ತುಮಕೂರು:

ಇಲ್ಲ. ತೂಕ ಮತ್ತು ಸುತ್ತುವ ವೇಗ, ಎರಡೇ. ಇವೆರಡೂ ಒಂದೇ ಆಗಿದ್ದರೆ ನಾದವೂ ಒಂದೇ. ಏನು ತಿಂದು ಬೆಳೆಯಿತು, ಯಾವ ನಕ್ಷತ್ರದಿಂದ ಹುಟ್ಟಿತು ಅನ್ನುವುದು ಅದರ ದನಿಯಲ್ಲಿ ಉಳಿಯುವುದಿಲ್ಲ. ಅಂದ ಹಾಗೆ, ವಿಶ್ವೇಶ್ವರ ಅವರು ಭಾರತಕ್ಕೆ ಬಂದಮೇಲೆ ಕೆಲಸ ಮಾಡಿದ್ದು ರಾಮನ್ ಕಟ್ಟಿದ ಸಂಸ್ಥೆಯಲ್ಲೇ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

ಹ್ಯಾನೋವರ್_ಸಂಜೆ:

ನಾನು ಧಾರವಾಡದವಳು, ಈಗ ಜರ್ಮನಿಯ ಹ್ಯಾನೋವರ್‌ನಲ್ಲಿ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. 2015ರ ಆ ಅಲೆಯನ್ನು ಮೊದಲು ಗಮನಿಸಿದ ಮಾರ್ಕೊ ದ್ರಾಗೊ ಆಗ ಇದೇ ಊರಿನಲ್ಲಿದ್ದರು.

ಮೇಷ್ಟ್ರು ಹೇಳಿದ್ದರಲ್ಲೇ ಒಂದು ದೊಡ್ಡ ಪ್ರಶ್ನೆ ಅಡಗಿದೆ. ನಾದ ಹುಟ್ಟುವುದು ಉಂಗುರದಲ್ಲಿ, ಅಂಚಿನಲ್ಲಿ ಅಲ್ಲ. ಹಾಗಾದರೆ ನಾದ ಕೇಳಿಸಿತು ಅಂದ ಮಾತ್ರಕ್ಕೆ ಒಳಗೆ ನಿಜವಾಗಿ ಆ ಅಂಚು ಇದೆ ಅಂತ ಹೇಳಬಹುದೇ? 2016ರಲ್ಲಿ ಕಾರ್ಡೋಸೊ, ಫ್ರಾಂಜಿನ್, ಪಾನಿ ಎಂಬ ಮೂವರು ಇದನ್ನೇ ಕೇಳಿದರು. ಅಂಚಿನ ಬದಲು ಅಲ್ಲೊಂದು ವರ್ಮ್‌ಹೋಲ್, ಅಂದರೆ ಜಾಗದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಸುರಂಗ, ಇದ್ದರೂ ಮೊದಲ ಮಿಡಿತ ಹೆಚ್ಚು ಕಡಿಮೆ ಹೀಗೇ ಇರುತ್ತದೆ. ವ್ಯತ್ಯಾಸ ಬರುವುದು ಆಮೇಲೆ. ನಿಜವಾದ ಅಂಚು ಒಳಗೆ ಬಿದ್ದ ಅಲೆಯನ್ನು ನುಂಗುತ್ತದೆ. ಬೇರೆ ಏನಾದರೂ ಇದ್ದರೆ ಅಲೆ ಒಳಗೆ ಪುಟಿದು ವಾಪಸ್ ಬರುತ್ತದೆ. ಉಂಗುರಕ್ಕೆ ತಾಗಿ ಸ್ವಲ್ಪ ಹೊರಗೆ ಸೋರುತ್ತದೆ, ಉಳಿದದ್ದು ಮತ್ತೆ ಒಳಗೆ. ಹೀಗೆ ಒಂದರ ಹಿಂದೆ ಒಂದು ಮಾರ್ದನಿ ಬರಬೇಕು.

ಅದೇ ವರ್ಷ ಅಬೇದಿ, ಡೈಕಾರ್, ಅಫ್ಶೋರ್ದಿ ಅವರು ಲೈಗೋ ದತ್ತಾಂಶದಲ್ಲಿ ಇಂಥ ಮಾರ್ದನಿಯ ಸುಳಿವು ಇದೆ ಅಂದರು. ಬೇರೆಯವರು ಅದೇ ದತ್ತಾಂಶವನ್ನು ಮತ್ತೆ ಸೋಸಿದಾಗ ಆ ಸುಳಿವು ಗಟ್ಟಿಯಾಗಿ ನಿಲ್ಲಲಿಲ್ಲ. ಮಾರ್ದನಿ ಸಿಗುವುದಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಆದರೂ ಹುಡುಕುವುದು ನಿಲ್ಲಿಸಬಾರದು. ಕಪ್ಪುಕುಳಿಯ ಅಂಚನ್ನು ತಟ್ಟಿ ನೋಡಲು ನಮಗಿರುವ ದಾರಿಗಳು ತುಂಬ ಕಡಿಮೆ.

2025ರ ಜನವರಿ 14ರಂದು ಇನ್ನೊಂದು ಅಲೆ ಬಂತು, ಮೊದಲಿನದಕ್ಕಿಂತ ಹೆಚ್ಚು ಕಡಿಮೆ ಮೂರು ಪಟ್ಟು ಸ್ಪಷ್ಟ. ಅದರಲ್ಲಿ ಮೂಲ ಸ್ವರದ ಜೊತೆ ಇನ್ನೂ ಬೇಗ ಆರುವ ಒಂದು ಉಪಸ್ವರವೂ ಸಿಕ್ಕಿತು. ಎರಡೂ ಒಂದೇ ತೂಕಕ್ಕೆ, ಒಂದೇ ಸುತ್ತಿಗೆ ಹೊಂದಿದವು. ಎರಡು ಕಪ್ಪುಕುಳಿಗಳ ಮೈ ವಿಸ್ತೀರ್ಣ ಒಟ್ಟು 2,40,000 ಚದರ ಕಿಲೋಮೀಟರ್ ಇದ್ದದ್ದು, ಒಂದಾದಮೇಲೆ ಸುಮಾರು 4,00,000 ಆಯಿತು, ಎರಡು ಕರ್ನಾಟಕದಷ್ಟು. ವಿಸ್ತೀರ್ಣ ಎಂದೂ ಕಡಿಮೆಯಾಗದು ಅಂತ ಹಾಕಿಂಗ್ 1971ರಲ್ಲಿ ಹೇಳಿದ್ದರು. ಇದನ್ನೆಲ್ಲ ಕೆಲವೇ ಮಿಲಿಸೆಕೆಂಡಿನ ನಿಮ್ಮ "ತ" ಹೇಳಿತು.

ಕರಣೆ_ಮೈಸೂರು:

ತಾಯಿ, ಮೇಷ್ಟ್ರೇ, ಇಬ್ಬರಿಗೂ ನಮಸ್ಕಾರ. ಭಾನುವಾರ ಪಾಠ ಆಯಿತು. ಮೃದಂಗ ಪಕ್ಕಕ್ಕಿಟ್ಟು ಲೆಕ್ಕಕ್ಕೆ ಕೂತೆವು. 200 ಬಂದಾಗ ಹುಡುಗಿ ಚಪ್ಪಾಳೆ ತಟ್ಟಿದಳು. ಆಮೇಲೆ ಅವಳೇ ನಮ್ಮ ಆಕಾಶಗಂಗೆಯ ನಡುವಿನ ದೊಡ್ಡ ಕಪ್ಪುಕುಳಿಗೂ ಹಾಕಿದಳು, 43 ಲಕ್ಷ ಸೂರ್ಯರ ತೂಕದ್ದು. ಒಂದು ಮಿಡಿತಕ್ಕೆ ಸುಮಾರು ಆರು ನಿಮಿಷ ಬಂತು. ಇದು ಸರಿಯೇ? ಅಷ್ಟು ವಿಳಂಬದ ನಾದವನ್ನು ಕೇಳುವ ಯಂತ್ರ ಇದೆಯೇ ಅಂತ ಕೇಳುತ್ತಿದ್ದಾಳೆ.

ಹ್ಯಾನೋವರ್_ಸಂಜೆ:

ಲೆಕ್ಕ ಸರಿ ಇದೆ, ಅವಳಿಗೆ ನನ್ನ ಕಡೆಯಿಂದಲೂ ಚಪ್ಪಾಳೆ. ಭೂಮಿಯ ಮೇಲೆ ಅದು ಆಗದು, ನೆಲದ ಅದುರುವಿಕೆ ಅಡ್ಡ ಬರುತ್ತದೆ. ಅದಕ್ಕೇ ಯುರೋಪಿನವರು ಲೀಸಾ ಕಟ್ಟುತ್ತಿದ್ದಾರೆ. ಮೂರು ನೌಕೆಗಳು, ಒಂದರಿಂದ ಒಂದಕ್ಕೆ 25 ಲಕ್ಷ ಕಿಲೋಮೀಟರ್, ನಡುವೆ ಲೇಸರ್. ದೂರದ ಗೆಲಾಕ್ಸಿಗಳಲ್ಲಿ ಇಂಥ ದೊಡ್ಡ ಕಪ್ಪುಕುಳಿಗಳು ಒಂದಾದಾಗ ಕೇಳುವುದು ಅದರ ಕೆಲಸ. ಹಾರಿಸುವುದು 2035ರ ಸುಮಾರಿಗೆ. ಅವಳಿಗೆ ಈಗ ಎಷ್ಟು ವಯಸ್ಸು?

ಕರಣೆ_ಮೈಸೂರು:

ಹದಿನಾಲ್ಕು.