ಮನೆಯಲ್ಲಿ ಡ್ರಾಫ್ಟ್ ಬಿಯರ್: ರೆಡಿಮೇಡ್ ತರೋದಾ, ನಾವೇ ಜೋಡಿಸೋದಾ?

ಪ್ರಶ್ನೆ: 19 ಲೀಟರಿನ ಎರಡು ಕೆಗ್ (ಬಿಯರ್ ತುಂಬೋ ಲೋಹದ ಪೀಪಾಯಿ) ಇಡಬೇಕು. ಹಳೇ ಫ್ರಿಜ್ ಖಾಲಿ ಇದೆ. ಕೆಜರೇಟರ್ (ನಲ್ಲಿ ಸಮೇತ ಬರೋ ಕೆಗ್ ಫ್ರಿಜ್) ಕೊಳ್ಳೋದೋ, ಇದಕ್ಕೇ ನಲ್ಲಿ ಕೂರಿಸೋದೋ?

ಉತ್ತರ 1: ಮೊದಲು ಒಳಗಿನ ಎತ್ತರ ಅಳೀರಿ. ಕೆಗ್ಗೇ ಸುಮಾರು 65 ಸೆಂ.ಮೀ., ಮೇಲೆ ಕನೆಕ್ಟರಿಗೆ ಇನ್ನಷ್ಟು ಜಾಗ ಬೇಕು. ತಳದಲ್ಲಿ ಕಂಪ್ರೆಸರ್ ಉಬ್ಬು ಅಡ್ಡ ಬರುತ್ತೆ, ಅದನ್ನೂ ನೋಡಿ. ಎರಡೂ ಕೂತರೆ ಕೊಳ್ಳೋ ಮಾತೇ ಬೇಡ. ಕೊರೆಯೋದು ಬಾಗಿಲನ್ನ ಮಾತ್ರ. ಪಕ್ಕದ ಗೋಡೆಯಲ್ಲಿ ಫ್ರಿಜ್ ತಣ್ಣಗಿಡೋ ಗ್ಯಾಸಿನ ಪೈಪ್ ಹುದುಗಿರಬಹುದು. ಡ್ರಿಲ್ ತಾಗಿತೋ, ಫ್ರಿಜ್ ಕತೆ ಮುಗೀತು.

ಉತ್ತರ 2: ಜೋಡಿಸಿದವರು ಎಡವೋದು ಕೆಗ್ಗಿಂದ ನಲ್ಲಿಗೆ ಬಿಯರ್ ತರೋ ಪೈಪಿನ ಉದ್ದದಲ್ಲಿ. ಒಳವ್ಯಾಸ 3/16 ಇಂಚು, ಉದ್ದ ಸುಮಾರು 3 ಮೀಟರ್, ಬಿಯರ್ 3-4 ಡಿಗ್ರಿ, ಬಿಯರನ್ನ ತಳ್ಳೋ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಒತ್ತಡ 10-12 ಪಿಎಸ್‌ಐ: ಇಲ್ಲಿಂದ ಶುರು ಮಾಡಿ. ಪೈಪ್ ಗಿಡ್ಡ ಆದರೆ ಲೋಟದ ತುಂಬ ನೊರೆಯೇ. ಆಗ ಒತ್ತಡ ಇಳಿಸಬೇಡಿ, ನಾಲ್ಕು ದಿನದಲ್ಲಿ ಬಿಯರ್ ಸಪ್ಪೆಯಾಗುತ್ತೆ. ಪೈಪ್ ಉದ್ದ ಮಾಡಿ. ಮೊದಲ ಲೋಟ ಮಾತ್ರ ನೊರೆ ಬಂದರೆ ನಲ್ಲಿ ಬೆಚ್ಚಗಿದೆ ಅಂತ ಅರ್ಥ.

ಉತ್ತರ 3: ಡ್ರಿಲ್ ಹಿಡಿದು ಅಭ್ಯಾಸ ಇಲ್ಲದಿದ್ರೆ ಕೊಂಡುಬಿಡಿ. ಆದ್ರೂ ಗ್ಯಾಸ್ ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ವಾಷರ್ ಬದಲಿಸಿ, ಇಲ್ಲಾಂದ್ರೆ ಬೆಳಗಾಗೋದ್ರೊಳಗೆ ಸಿಲಿಂಡರ್ ಖಾಲಿ.