ಕಂಟ್ರೋಲ್-ಎಸ್ ಒತ್ತಿದರೆ ಟರ್ಮಿನಲ್ ಸ್ತಬ್ಧ: ವಿಂಡೋ ಮುಚ್ಚದೆ ಸರಿಪಡಿಸುವುದು ಹೇಗೆ?

ಕಲಿಕೆಗಾರ:

ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ನಲ್ಲಿ ಬ್ಯಾಷ್ (ಟೈಪ್ ಮಾಡಿದ ಕಮಾಂಡ್‌ಗಳನ್ನು ಓದಿ ಓಡಿಸುವ ಶೆಲ್) ಬಳಸಲು ಈಚೆಗಷ್ಟೇ ಶುರುಮಾಡಿದ್ದೇನೆ. ಸಿಡಿ, ಎಲ್‌ಎಸ್, ಸಿಪಿ, ಎಂವಿ ಕಮಾಂಡ್‌ಗಳು ಕೈಗೆ ಹತ್ತಿವೆ. ತೊಂದರೆ ಇರುವುದು ಕೀಲಿಗಳದ್ದು.

ದೊಡ್ಡದೊಂದು ಫೋಲ್ಡರನ್ನು ‘ಸಿಪಿ -ಆರ್‌ವಿ’ ಎಂದು ಕೊಟ್ಟು ನಕಲು ಮಾಡುತ್ತಿದ್ದೇನೆ. ಫೈಲ್‌ಗಳ ಹೆಸರುಗಳು ಒಂದರ ಹಿಂದೊಂದು ಪರದೆಯ ಮೇಲೆ ಹರಿಯುತ್ತಿದ್ದವು. ಆ ಪಟ್ಟಿಯನ್ನು ಉಳಿಸಿಕೊಳ್ಳಲು ಕಂಟ್ರೋಲ್-ಎಸ್ ಒತ್ತಿದೆ. ಅಲ್ಲಿಗೆ ಎಲ್ಲವೂ ನಿಂತುಹೋಯಿತು. ದೋಷದ ಸಂದೇಶ ಬರಲಿಲ್ಲ, ಎಂಟರ್ ಒತ್ತಿದರೂ ಕರ್ಸರ್ ಕದಲುತ್ತಿಲ್ಲ. ಹಿಂದೆಯೂ ಹೀಗಾದಾಗ ವಿಂಡೋ ಮುಚ್ಚಿದ್ದೆ, ನಕಲು ಅರ್ಧಕ್ಕೇ ನಿಂತಿತ್ತು. ಈ ಬಾರಿ ಮುಚ್ಚದೆ ಹಾಗೆಯೇ ಬಿಟ್ಟಿದ್ದೇನೆ. ಏನು ಮಾಡಲಿ?

ಜೊತೆಗೆ, ಪಠ್ಯ ನಕಲಿಸಲು ಕಂಟ್ರೋಲ್-ಸಿ ಒತ್ತಿದರೆ ಓಡುತ್ತಿರುವ ಪ್ರೋಗ್ರಾಂ ಸಾಯುತ್ತದೆ. ಕಂಟ್ರೋಲ್-ಝಡ್ ಒತ್ತಿದರೆ ಅದು ಎಲ್ಲಿಗೋ ಮಾಯವಾಗುತ್ತದೆ. ನನ್ನ ಗಣಕದಲ್ಲೇ ಏನಾದರೂ ದೋಷವಿದೆಯೇ?

ಶೆಲ್‌ಪ್ರಿಯ:

ಮುಚ್ಚದೆ ಬಿಟ್ಟದ್ದು ಒಳ್ಳೆಯದಾಯಿತು. ಕಂಟ್ರೋಲ್-ಕ್ಯೂ ಒತ್ತಿದರೆ ಎಲ್ಲವೂ ಮುಂದುವರಿಯುತ್ತದೆ.

ಆದರೆ ಒತ್ತುವ ಮುನ್ನ ಒಂದು ಮಾತು. ಪರದೆ ನಿಂತಿದ್ದಾಗ ನೀವು ಒತ್ತಿದ ಅಕ್ಷರಗಳು ಕಾಣಿಸದಿದ್ದರೂ ಕಳೆದುಹೋಗಿಲ್ಲ. ಅವು ಸರದಿಯಲ್ಲಿ ಕಾದಿವೆ. ಎಂಟರ್ ಸಹ ಒತ್ತಿದ್ದರೆ, ಸಿಪಿ ಮುಗಿದ ತಕ್ಷಣ ಆ ಸಾಲುಗಳು ಕಮಾಂಡ್‌ಗಳಾಗಿ ಓಡುತ್ತವೆ. ಎಲ್‌ಎಸ್‌ನಂಥದ್ದಾದರೆ ಚಿಂತೆಯಿಲ್ಲ. ಅದರಲ್ಲಿ ಫೈಲ್ ಅಳಿಸುವ ಆರ್‌ಎಂ ಏನಾದರೂ ಇದೆಯೇ, ನೆನಪಿಸಿಕೊಳ್ಳಿ. ಇದ್ದರೆ ಕಂಟ್ರೋಲ್-ಸಿ ಒತ್ತಿ. ನಕಲು ನಿಲ್ಲುತ್ತದೆ, ಆದರೆ ಕಾದಿರುವ ಅಕ್ಷರಗಳೂ ಅಳಿಸಿಹೋಗುತ್ತವೆ.

ಕಲಿಕೆಗಾರ:

ಅಪಾಯದ್ದೇನೂ ಒತ್ತಿರಲಿಲ್ಲ. ಕಂಟ್ರೋಲ್-ಕ್ಯೂ ಒತ್ತಿದ ಕೂಡಲೇ ಹೆಸರುಗಳು ಮತ್ತೆ ಹರಿಯತೊಡಗಿದವು. ನಕಲು ಮುಗಿದ ಮೇಲೆ, ನೀವು ಹೇಳಿದಂತೆಯೇ, ಆಗ ಒತ್ತಿದ್ದ ಎಲ್‌ಎಸ್ ತಾನಾಗಿ ಓಡಿತು! ತುಂಬಾ ಧನ್ಯವಾದಗಳು. ಆದರೆ ಇಂಥದ್ದೊಂದು ಕೀಲಿ ಯಾಕಾದರೂ ಇದೆ? ಪರದೆ ನಿಂತಿದ್ದಾಗ ಒಳಗೆ ನಕಲು ನಡೆಯುತ್ತಿತ್ತೇ?

ಶೆಲ್‌ಪ್ರಿಯ:

ನಡೆಯುತ್ತಿರಲಿಲ್ಲ. ಹೆಸರನ್ನು ಪರದೆಗೆ ಬರೆಯಲು ಹೋದ ಸಿಪಿ, ಬಾಗಿಲು ಮುಚ್ಚಿದ್ದರಿಂದ ಅಲ್ಲೇ ಕಾದು ನಿಂತಿತ್ತು. ಪರದೆಗೆ ಏನನ್ನೂ ಬರೆಯದ ಪ್ರೋಗ್ರಾಂ ಆಗಿದ್ದರೆ ತನ್ನ ಕೆಲಸ ಮುಂದುವರಿಸುತ್ತಿತ್ತು.

ಈ ಕೀಲಿಯ ಮೂಲ, ತಂತಿಯಲ್ಲಿ ಬಂದ ಅಕ್ಷರಗಳನ್ನು ಕಾಗದದ ಮೇಲೆ ಮುದ್ರಿಸುತ್ತಿದ್ದ ಟೆಲಿಟೈಪ್ ಯಂತ್ರಗಳ ಕಾಲದ್ದು. ಅಕ್ಷರಗಳಿಗೆ ಸಂಖ್ಯೆ ಕೊಡುವ 1963ರ ಆಸ್ಕಿ ಸಂಕೇತಪಟ್ಟಿಯಲ್ಲಿ ಯಂತ್ರಗಳನ್ನು ನಿಯಂತ್ರಿಸಲೆಂದೇ ಕೆಲವು ಸಂಖ್ಯೆಗಳಿವೆ. ಅವುಗಳಲ್ಲಿ 19 ‘ನಿಲ್ಲಿಸು’ ಎಂದೂ 17 ‘ಮತ್ತೆ ಶುರುಮಾಡು’ ಎಂದೂ ಬಳಕೆಗೆ ಬಂದವು. ಕಂಟ್ರೋಲ್ ಜೊತೆ ಅಕ್ಷರ ಒತ್ತಿದರೆ ಆ ಅಕ್ಷರದ ಸಂಖ್ಯೆಯಿಂದ 64 ಕಳೆದ ಸಂಖ್ಯೆ ಹೋಗುತ್ತದೆ. ದೊಡ್ಡ ಎಸ್ 83, ಹಾಗಾಗಿ 19. ದೊಡ್ಡ ಕ್ಯೂ 81, ಹಾಗಾಗಿ 17. ಇದೇ ಲೆಕ್ಕದಲ್ಲಿ ಕಂಟ್ರೋಲ್-ಐ ಎಂದರೆ 9, ಅದು ಟ್ಯಾಬ್. ಕಂಟ್ರೋಲ್-ಎಂ ಎಂದರೆ 13, ಅದು ಎಂಟರ್. ಟರ್ಮಿನಲ್‌ನಲ್ಲಿ ಒತ್ತಿ ನೋಡಿ, ಖುಷಿಯಾಗುತ್ತದೆ.

ನಿಮ್ಮ ಗಣಕದಲ್ಲಿ ದೋಷವಿಲ್ಲ. ನೀವು ಒತ್ತುವ ಕೀಲಿ ಯಾರ ಕೈಗೆ ಸಿಗುತ್ತದೆ ಎಂಬುದು ತಿಳಿದರೆ ನಿಮ್ಮ ಗೊಂದಲಗಳೆಲ್ಲ ಒಟ್ಟಿಗೇ ಬಗೆಹರಿಯುತ್ತವೆ. ಪ್ರತಿ ಕೀಲಿಯನ್ನೂ ಮೊದಲು ನೋಡುವುದು ಟರ್ಮಿನಲ್ ವಿಂಡೋ. ಕಂಟ್ರೋಲ್-ಶಿಫ್ಟ್-ಸಿ, ಕಂಟ್ರೋಲ್-ಶಿಫ್ಟ್-ವಿ ಎರಡನ್ನೂ ಅದೇ ಇಟ್ಟುಕೊಂಡು ಪಠ್ಯವನ್ನು ನಕಲಿಸುತ್ತದೆ, ಅಂಟಿಸುತ್ತದೆ. ನಿಮಗೆ ಬೇಕಾದ ನಕಲಿನ ಕೀಲಿ ಇದೇ. ವಿಂಡೋ ಬಿಟ್ಟುಕೊಟ್ಟದ್ದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಟರ್ಮಿನಲ್ ಡ್ರೈವರ್‌ಗೆ ಹೋಗುತ್ತದೆ. ಸಿ, ಝಡ್, ಎಸ್, ಕ್ಯೂ, ಡಿ ಇವು ಅಲ್ಲಿನವು. ಅಲ್ಲಿಯೂ ಯಾರೂ ಹಿಡಿಯದಿದ್ದರೆ ಮಾತ್ರ ಬ್ಯಾಷ್‌ಗೆ ತಲುಪುತ್ತದೆ. ಸಾಲಿನ ಮೊದಲಿಗೆ ಹೋಗುವ ಕಂಟ್ರೋಲ್-ಎ, ಕೊನೆಗೆ ಹೋಗುವ ಕಂಟ್ರೋಲ್-ಇ, ಹಳೆಯ ಕಮಾಂಡ್ ಹುಡುಕುವ ಕಂಟ್ರೋಲ್-ಆರ್ ಬ್ಯಾಷ್‌ನ ಕೀಲಿಗಳು.

ಮಧ್ಯದಲ್ಲಿರುವ ಡ್ರೈವರ್‌ನ ಕೀಲಿಗಳ ಪಟ್ಟಿ ನೋಡಲು ‘ಎಸ್‌ಟಿಟಿವೈ -ಎ’ ಎಂದು ಸಣ್ಣಕ್ಷರಗಳಲ್ಲಿ ಬರೆದು ಎಂಟರ್ ಒತ್ತಿ. ‘ಐಎನ್‌ಟಿಆರ್’ ಮುಂದೆ ^ಸಿ, ‘ಎಸ್‌ಯುಎಸ್‌ಪಿ’ ಮುಂದೆ ^ಝಡ್, ‘ಸ್ಟಾಪ್’ ಮುಂದೆ ^ಎಸ್, ‘ಸ್ಟಾರ್ಟ್’ ಮುಂದೆ ^ಕ್ಯೂ ಎಂದು ಬರುತ್ತದೆ. ಆ ಟೋಪಿಯಂಥ ಗುರುತೇ ಕಂಟ್ರೋಲ್.

ಕಂಟ್ರೋಲ್-ಝಡ್ ಒತ್ತಿದಾಗ ಪ್ರೋಗ್ರಾಂ ಮಾಯವಾಗುವುದಿಲ್ಲ, ಅಮಾನತಿನಲ್ಲಿರುತ್ತದೆ. ‘ಜಾಬ್ಸ್’ ಎಂದರೆ ಹೆಸರು ಕಾಣುತ್ತದೆ, ‘ಎಫ್‌ಜಿ’ ಎಂದರೆ ಮುಂದಕ್ಕೆ ಬರುತ್ತದೆ, ‘ಬಿಜಿ’ ಎಂದರೆ ಹಿನ್ನೆಲೆಯಲ್ಲಿ ಓಡುತ್ತದೆ. ವಿಮ್ ಎಂಬ ಪಠ್ಯ ಸಂಪಾದಕದಲ್ಲಿ ಬರೆಯುತ್ತಾ ಕಂಟ್ರೋಲ್-ಝಡ್ ಒತ್ತಿ, ಮತ್ತೆ ಅದೇ ಫೈಲನ್ನು ಹೊಸದಾಗಿ ತೆರೆದು, ಸ್ವಾಪ್ ಫೈಲ್ ಇದೆ ಎಂಬ ಎಚ್ಚರಿಕೆ ನೋಡಿ ಗಾಬರಿಯಾಗುವವರು ಬಹಳ. ಆಗ ಬೇಕಾದದ್ದು ಎಫ್‌ಜಿ ಅಷ್ಟೇ.

ಅಕ್ಷರಮಣೆ:

ಶೆಲ್‌ಪ್ರಿಯ ಅವರ ವಿವರಣೆಗೆ ಒಂದು ಸೇರ್ಪಡೆ. ಕಂಟ್ರೋಲ್-ಎಸ್‌ನ ಈ ಕೆಲಸವನ್ನು ತೆಗೆದುಹಾಕುವುದೇ ಲೇಸು. ಉದ್ದದ ಫಲಿತಾಂಶವನ್ನು ನಿಲ್ಲಿಸಿ ಓದಲು ‘ಲೆಸ್’ ಇದೆ, ಹಿಂದಕ್ಕೂ ಹೋಗಬಹುದು. ‘ಎಸ್‌ಟಿಟಿವೈ -ಐಎಕ್ಸ್‌ಒಎನ್’ ಎಂದು ಒಮ್ಮೆ ಕೊಟ್ಟರೆ ಆ ವಿಂಡೋದಲ್ಲಿ ಕಂಟ್ರೋಲ್-ಎಸ್ ಪರದೆಯನ್ನು ನಿಲ್ಲಿಸುವುದಿಲ್ಲ. ಲಾಭವೂ ಇದೆ: ಕಂಟ್ರೋಲ್-ಆರ್ ಒತ್ತಿ ಹಳೆಯ ಕಮಾಂಡ್ ಹುಡುಕುವಾಗ ಬೇಕಾದದ್ದನ್ನು ದಾಟಿ ಹೋದರೆ, ಕಂಟ್ರೋಲ್-ಎಸ್ ಒತ್ತಿ ಮುಂದಕ್ಕೆ ಬರಬಹುದು. ಬ್ಯಾಷ್ ಆ ಕೀಲಿಯನ್ನು ಇದಕ್ಕೆಂದೇ ಇಟ್ಟಿದೆ, ಡ್ರೈವರ್ ನಡುವೆಯೇ ಹಿಡಿದುಕೊಳ್ಳುವುದರಿಂದ ಅದು ತಲುಪುವುದೇ ಇಲ್ಲ.

ಶಾಶ್ವತವಾಗಿ ಬೇಕಿದ್ದರೆ ಮನೆ ಫೋಲ್ಡರ್‌ನ ‘.ಬ್ಯಾಷ್‌ಆರ್‌ಸಿ’ ಫೈಲಿಗೆ ಆ ಸಾಲು ಸೇರಿಸಿ. ಆದರೆ ಶೆಲ್ ಟರ್ಮಿನಲ್‌ಗೆ ಜೋಡಿಸಿಕೊಂಡು ಓಡುತ್ತಿದೆಯೇ ಎಂಬ ಷರತ್ತಿನೊಳಗೆ ಇಡಿ. ಬರಿದೇ ಇಟ್ಟರೆ, ಟರ್ಮಿನಲ್ ಇಲ್ಲದೆ ಆ ಫೈಲ್ ಓದಿಸಿಕೊಂಡಾಗ ಎಸ್‌ಟಿಟಿವೈ ದೂರು ಹೇಳುತ್ತದೆ.

ಕಲಿಕೆಗಾರ:

ಈಗ ಅರ್ಥವಾಯಿತು. ಪಟ್ಟಿಯನ್ನು ಉಳಿಸಿಕೊಳ್ಳುವ ಮೂಲ ಆಸೆ ಮಾತ್ರ ಹಾಗೆಯೇ ಉಳಿದಿದೆ. ಮತ್ತೆ, ಹಿಂದೆ ವಿಂಡೋ ಮುಚ್ಚಿ ಅರ್ಧಕ್ಕೆ ನಿಂತ ಆ ಫೋಲ್ಡರನ್ನು ಮೊದಲಿನಿಂದ ನಕಲಿಸಬೇಕೇ?

ಶೆಲ್‌ಪ್ರಿಯ:

ಪಟ್ಟಿಗೆ ‘ಟೀ’ ಬಳಸಿ. ಕಮಾಂಡ್‌ನ ಕೊನೆಗೆ ಪೈಪ್ ಗುರುತು ಹಾಕಿ, ‘ಟೀ’ ಎಂದು ಬರೆದು, ಫೈಲಿನ ಹೆಸರು ಕೊಡಿ. ಹೆಸರುಗಳು ಪರದೆಯಲ್ಲೂ ಹರಿಯುತ್ತವೆ, ಫೈಲಿನಲ್ಲೂ ಸೇರುತ್ತವೆ. ಬರಿಯ ಪೈಪ್ ಹಾಕಿದರೆ ದೋಷದ ಸಂದೇಶಗಳು ಫೈಲಿಗೆ ಹೋಗುವುದಿಲ್ಲ, ಪರದೆಗೆ ಮಾತ್ರ ಬರುತ್ತವೆ. ಯಾವ ಫೈಲ್ ನಕಲಾಗಲಿಲ್ಲ ಎಂಬುದೇ ಮುಖ್ಯವಲ್ಲವೇ? ಹಾಗಾಗಿ ಪೈಪ್ ಪಕ್ಕದಲ್ಲೇ ‘&’ ಸೇರಿಸಿ, ‘|& ಟೀ’ ಎಂದು ಬರೆಯಿರಿ. ಬ್ಯಾಷ್ 4ರಿಂದ ಇದು ನಡೆಯುತ್ತದೆ. ಹಳೆಯ ಪಟ್ಟಿಗೆ ಸೇರಿಸಬೇಕಾದರೆ ‘ಟೀ -ಎ’. ಬರಿಯ ಟೀ ಹಳೆಯದನ್ನು ಅಳಿಸಿಯೇ ಬರೆಯುತ್ತದೆ.

ಅರ್ಧ ನಕಲಿಗೆ ‘ಆರ್‌ಸಿಂಕ್ -ಎವಿ’. ಅದು ಎರಡೂ ಕಡೆ ಫೈಲಿನ ಗಾತ್ರ ಮತ್ತು ಬದಲಾದ ಸಮಯ ಹೋಲಿಸಿ, ಎರಡೂ ಒಂದೇ ಆಗಿದ್ದರೆ ಬಿಟ್ಟು, ಉಳಿದದ್ದನ್ನು ಮಾತ್ರ ಸಾಗಿಸುತ್ತದೆ. ಆದರೆ ನೀವು ಸಿಪಿಗೆ ಮೂಲ ಸಮಯವನ್ನು ಉಳಿಸುವ ‘-ಪಿ’ ಕೊಟ್ಟಿರಲಿಲ್ಲ, ಆದ್ದರಿಂದ ನಕಲಾದ ಫೈಲ್‌ಗಳ ಸಮಯ ಬೇರೆಯಾಗಿರುತ್ತದೆ. ಮೊದಲ ಬಾರಿ ಅದು ಅವನ್ನೂ ಮತ್ತೊಮ್ಮೆ ನಕಲಿಸುತ್ತದೆ, ಹೊತ್ತು ಹಿಡಿಯುತ್ತದೆ. ಮೂಲ ಫೋಲ್ಡರ್‌ನ ಹೆಸರಿನ ಕೊನೆಯ ಓರೆಗೆರೆಯನ್ನು ಗಮನಿಸಿ. ಗೆರೆ ಇದ್ದರೆ ಒಳಗಿನ ಫೈಲ್‌ಗಳು ಮಾತ್ರ ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಅಲ್ಲೊಂದು ಹೊಸ ಮಟ್ಟ ಹುಟ್ಟುತ್ತದೆ. ಟ್ಯಾಬ್ ಒತ್ತಿ ಹೆಸರು ತುಂಬಿಸಿದರೆ ಬ್ಯಾಷ್ ಆ ಗೆರೆಯನ್ನು ತಾನೇ ಸೇರಿಸುತ್ತದೆ, ಆದ್ದರಿಂದ ಎಂಟರ್‌ಗೆ ಮುನ್ನ ಒಮ್ಮೆ ನೋಡಿ. ಮೊದಲು ‘-ಎನ್’ ಸೇರಿಸಿ ಓಡಿಸಿ: ಏನನ್ನೂ ಮುಟ್ಟದೆ, ಏನೇನು ನಡೆಯಲಿದೆ ಎಂದಷ್ಟೇ ತೋರಿಸುತ್ತದೆ.

ಕಲಿಕೆಗಾರ:

‘-ಎನ್’ ಹಾಕಿ ನೋಡಿದೆ. ಗೆರೆ ಬಿಟ್ಟುಹೋಗಿದ್ದದ್ದು ಅಲ್ಲೇ ಗೊತ್ತಾಯಿತು. ಗೆರೆ ಹಾಕಿ ಓಡಿಸಿದ್ದೇನೆ, ‘|& ಟೀ’ ಜೊತೆಗೆ ಪಟ್ಟಿ ಫೈಲಿನಲ್ಲಿ ಬೆಳೆಯುತ್ತಿದೆ. ಪ್ರಶ್ನೆಯನ್ನು ‘ಪರಿಹಾರವಾಗಿದೆ’ ಎಂದು ಗುರುತಿಸುತ್ತಿದ್ದೇನೆ.