ಮಲಿಯನ್‌ಗೆ ‘ಕಿಟಕಿ ಕಂಬಿ’ ಸರಿಯೇ?

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಕಲ್ಲುಮನೆಗಳ ದುರಸ್ತಿಯ ಬಗೆಗಿನ ಅನುವಾದವೊಂದರಲ್ಲಿ ‘ಮಲಿಯನ್’ (ಕಿಟಕಿಯನ್ನು ಭಾಗ ಮಾಡುವ ನೆಟ್ಟಗಿನ ಕಲ್ಲು) ಎಂಬುದು ‘ಕಿಟಕಿ ಕಂಬಿ’ ಆಗಿದೆ, ‘ಟ್ರಾನ್ಸಮ್’ (ಹಾಗೆಯೇ ಅಡ್ಡಲಾಗಿರುವ ಕಲ್ಲು) ‘ಅಡ್ಡಕಂಬಿ’ ಆಗಿದೆ, ‘ತ್ರೀ ಲೈಟ್ ವಿಂಡೋ’ ಹೋಗಿ ‘ಮೂರು ದೀಪದ ಕಿಟಕಿ’ ಆಗಿದೆ. ‘ಹುಡ್ ಮೋಲ್ಡ್’ಗೆ ‘ಸಜ್ಜಾ’ ಹಾಕಿದ್ದಾರೆ. ಇವು ನಿಲ್ಲುತ್ತವೆಯೇ?

ಉತ್ತರ: ಮೊದಲು ಆ ದೀಪ ಆರಿಸೋಣ. ಅಲ್ಲಿ ಲೈಟ್ ಎಂದರೆ ಮಲಿಯನ್‌ಗಳು ಬೇರ್ಪಡಿಸಿದ ಒಂದೊಂದು ತೆರಪು, ಗಾಜು ಕೂರುವ ಜಾಗ. ‘ಬೆಳಕಿಂಡಿ’ಯೊಳಗಿನ ಕಿಂಡಿಯೇ ಸಾಕು: ಮೂರು ಕಿಂಡಿಯ ಕಿಟಕಿ. ಮೂರು ಕಿಂಡಿ ಸಾಲಾಗಿದ್ದರೆ ಮಲಿಯನ್ ಎರಡು.

ಕಂಬಿ ಎಂದೊಡನೆ ನಮಗೆ ಕಬ್ಬಿಣ ನೆನಪಾಗುತ್ತದೆ. ಮಲಿಯನ್ ಕೆತ್ತಿದ ಕಲ್ಲು. ಮೇಲಿನ ಕಲ್ಲಿಗೆ ಆಸರೆ. 1601ರ ಸುಮಾರಿಗೆ ಮುಗಿದ ಸಾಮರ್ಸೆಟ್‌ನ ಮಾಂಟಾಕ್ಯೂಟ್ ಹೌಸ್‌ನಲ್ಲಿ ಅದು ಹ್ಯಾಮ್ ಹಿಲ್‌ನ ಜೇನುಬಣ್ಣದ ಕಲ್ಲು. ಮಲಿಯನ್‌ಗೆ ‘ನಿಲುವುಗಲ್ಲು’, ಟ್ರಾನ್ಸಮ್‌ಗೆ ‘ಅಡ್ಡಗಲ್ಲು’ ಎಂದರೆ ಗಾರೆಯವರಿಗೂ ಅರ್ಥವಾಗುತ್ತದೆ. ‘ಜಾಲಂಧ್ರ’ ಬೇಡ, ಬೇಲೂರಿನಲ್ಲಿರುವಂತೆ ಅದು ಚಪ್ಪಡಿಯನ್ನೇ ಕೊರೆದು ಮಾಡಿದ್ದು, ಇದು ಬಿಡಿಬಿಡಿ ಕಲ್ಲು ಜೋಡಿಸಿದ್ದು.

ಅಸಲು ತೊಡಕು ಬೇರೆ ಇದೆ. ಈ ಕಿಟಕಿಗಳಲ್ಲಿ ನಿಜವಾದ ಕಂಬಿಯೂ ಉಂಟು! ಸೀಸದ ಪಟ್ಟಿಯಲ್ಲಿ ಹೆಣೆದ ಗಾಜು ಗಾಳಿಗೆ ಬಾಗದಂತೆ ಕಲ್ಲಿನಿಂದ ಕಲ್ಲಿಗೆ ಅಡ್ಡಲಾಗಿ ಸಣ್ಣ ಕಬ್ಬಿಣದ ಸರಳು ತೂರಿಸಿ, ಗಾಜಿನ ಹಲಗೆಯನ್ನು ಅದಕ್ಕೆ ತಂತಿಯಿಂದ ಕಟ್ಟಿರುತ್ತಾರೆ. ಸರಳಿನ ತುದಿಗೆ ನೀರು ಇಳಿದರೆ ತುಕ್ಕು. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಕಲ್ಲು ತೂತಿನ ಸುತ್ತ ಸೀಳುತ್ತದೆ. ದುರಸ್ತಿಯೆಂದರೆ ಸರಳು ತೆಗೆದು ಕಂಚಿನದ್ದೋ ಸ್ಟೇನ್‌ಲೆಸ್ ಸ್ಟೀಲಿನದ್ದೋ ಹಾಕಿ, ಒಡೆದ ಕಡೆ ಅದೇ ಜಾತಿಯ ಕಲ್ಲಿನ ತುಂಡು ಕೂರಿಸಿ, ಸುಣ್ಣದ ಗಾರೆಯಲ್ಲಿ ಸಂದು ತುಂಬುವುದು. ಸಿಮೆಂಟ್ ಮೆತ್ತಿದರೆ ತೇವ ಹೊರಬರಲಾಗದೆ ಕಲ್ಲಿನ ಮೈ ಪದರ ಪದರವಾಗಿ ಉದುರುತ್ತದೆ. ಈಗ ಎರಡಕ್ಕೂ ‘ಕಂಬಿ’ ಎಂದಿಟ್ಟು ಓದಿ ನೋಡಿ: ‘ಕಂಬಿಗೆ ತುಕ್ಕು ಹಿಡಿದು ಕಂಬಿ ಸೀಳಿತು.’ ಕಂಬಿಯನ್ನು ಸರಳಿಗೇ ಬಿಟ್ಟುಕೊಡಿ.

ಸಜ್ಜಾ ಕೂಡ ದಾರಿ ತಪ್ಪಿಸುತ್ತದೆ. ನಮ್ಮ ಸಜ್ಜಾ ಅಡಿಗಟ್ಟಲೆ ಚಾಚಿ ನೆರಳೂ ಕೊಡುತ್ತದೆ. ಹುಡ್ ಮೋಲ್ಡ್ ಕಿಟಕಿಯ ಮೇಲೆ ಕೆಲವೇ ಇಂಚು ಹೊರಬಂದ ಕಲ್ಲಿನ ಏಣು. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಪ್ರದೇಶದ ಮನೆಗಳಲ್ಲಿ ಅದರ ಎರಡು ತುದಿಗಳೂ ಚೌಕವಾಗಿ ಕೆಳಕ್ಕೆ ತಿರುಗಿರುವುದನ್ನು ಕಾಣಬಹುದು. ಗೋಡೆಯಲ್ಲಿ ಇಳಿದು ಬರುವ ನೀರನ್ನು ಗಾಜಿನಿಂದ ಆಚೆ ಬೀಳಿಸುವುದಷ್ಟೇ ಅದರ ಕೆಲಸ. ಹಾಗಾಗಿ ‘ನೀರೇಣು’ ಎನ್ನಬಹುದು. ಅದರ ಅಡಿಯ ಅಂಚಿನಲ್ಲಿ ಹನಿ ಕಡಿಯುವ ಗೀರು ಇದ್ದರೆ, ಸಂದು ತುಂಬುವಾಗ ಗಾರೆಯಿಂದ ಅದನ್ನು ಮುಚ್ಚಬಾರದು. ಮುಚ್ಚಿದರೆ ನೀರು ಒಳಮುಖವಾಗಿ ಹರಿದು ಗಾಜಿಗೇ ಬರುತ್ತದೆ.